ರೊಟ್ಟಿಗೆ ಉಪ್ಪು

ಇಕ್ಕಳ ಮೂರನೇ ಸಲ ಜಾರಿತು.

"ತಲಿ ಅಲ್ಲಾಡಿಸಬ್ಯಾಡ ಅಕ್ಕಾ," ಎಂದ ದಸ್ತಗೀರ. "ಸೈಕಲ್ ಆಗಿದ್ರ ಇಷ್ಟೊತ್ತಿಗೆ ಪೆಡಲ್ ಬಿಚ್ಚಿ ಕೈಯಾಗ ಇಡತಿದ್ದೆ."

ಸಂಗವ್ವ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಖಾನಾವಳಿಯ ಅಡುಗೆಮನೆಯಲ್ಲಿ ಒರಳುಕಲ್ಲಿಗೆ ಬೆನ್ನು ಆನಿಸಿ ನೆಲದ ಮೇಲೆ ಕೂತಿದ್ದಳು. ಬಾಯಿ ಮುಚ್ಚಿಹೋಗದಂತೆ ಎಡದವಡೆಗೆ ಮರದ ಸೌಟಿನ ಹಿಡಿಯನ್ನು ಅಡ್ಡ ಕೊಟ್ಟುಕೊಂಡಿದ್ದಳು. ಮಧ್ಯಾಹ್ನದ ಊಟದವರೆಲ್ಲ ಎದ್ದುಹೋಗಿ, ಬಾಗಿಲಿಗೆ ಅಗಳಿ ಹಾಕಿ, ಇಕ್ಕಳವನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದು ಅರ್ಧ ಗಂಟೆಯಾಗಿತ್ತು. ಅವಳು ಬೆರಳು ಹಾಕಿ ಬಲಗಡೆ ಕೆಳದವಡೆಯ ಕೊನೆಯ ಹಲ್ಲನ್ನು ಮತ್ತೊಮ್ಮೆ ತೋರಿಸಿದಳು.

"ಗೊತ್ತೈತಿ ಬಿಡು. ಹಲ್ಲು ಎಲ್ಲಿಗೂ ಓಡಿಹೋಗಂಗಿಲ್ಲ."

ದಸ್ತಗೀರ ಖಾನಾವಳಿಯ ಪಕ್ಕದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟವನು. ಹಲ್ಲು ಕಿತ್ತ ಅನುಭವ ಅವನಿಗೆ ಇರಲಿಲ್ಲ. ಮೊಣಕಾಲನ್ನು ನೆಲಕ್ಕೂರಿ, ಉಸಿರು ಬಿಗಿಹಿಡಿದು, ಹಲ್ಲನ್ನು ಕಚ್ಚಿದ ಇಕ್ಕಳವನ್ನು ಮೇಲಕ್ಕೆತ್ತುವ ಬದಲು ಪಕ್ಕಕ್ಕೆ ತಿರುಚಿದ. ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು. ಅದು ಸಂಗವ್ವನ ಕಿವಿಗೆ ಹೊರಗಿನಿಂದ ಬಂದದ್ದಲ್ಲ, ತಲೆಯೊಳಗಿನಿಂದ ಬಂದದ್ದು.

ಇಕ್ಕಳದ ತುದಿಯಲ್ಲಿ ಅರ್ಧ ಹಲ್ಲಿತ್ತು. ಇನ್ನರ್ಧ, ಅದರ ಬೇರು, ಬೇರಿಗೆ ಆತುಕೊಂಡಿದ್ದ ಮಣಿ ಮೂರೂ ದವಡೆಯಲ್ಲೇ ಉಳಿದಿದ್ದವು. ಮಣಿ ಸೊಳ್ಳೆಯ ಹಾಗೆ ಸಣ್ಣಗೆ ಗುಂಯ್‌ಗುಡತೊಡಗಿತು.

"ಮುರೀತು," ಎಂದ ದಸ್ತಗೀರ. ಅವನ ಮುಖ ಬಿಳಿಚಿಕೊಂಡಿತ್ತು. "ಅಕ್ಕಾ, ಕೇಳಸಾಕತ್ತೈತಿ. ಆಫೀಸಿಗೆ ಗೊತ್ತಾತು."

ಸಂಗವ್ವ ಸೌಟನ್ನು ಬಾಯಿಂದ ತೆಗೆದಿಟ್ಟಳು. ಬಾಯಿ ತುಂಬ ನೆತ್ತರಿತ್ತು. ಅದನ್ನು ಕೂಡಲೇ ಉಗುಳಲಿಲ್ಲ. ಸಾರಿನ ಹದ ನೋಡುವವಳಂತೆ ನಾಲಿಗೆಯನ್ನು ಬಾಯಿಯ ಮೂಲೆಮೂಲೆಗೂ ಆಡಿಸಿದಳು.

"ಏನರ ಬಂತ?"

ಅವಳು ಬಚ್ಚಲಿಗೆ ಉಗುಳಿ ತುಟಿ ಒರೆಸಿಕೊಂಡಳು. "ಬೆಚ್ಚಗ ಐತಿ. ಅಷ್ಟ," ಎಂದಳು. "ನೆತ್ತರಕ್ಕೂ ರುಚಿ ಇಲ್ಲೋ ದಸ್ತಗೀರಾ."

*

ಮಣಿ ಎಂದರೆ ಸಾಸಿವೆ ಗಾತ್ರದ ಎರಡು ಯಂತ್ರಗಳು. ಕೆಳದವಡೆಯ ಕೊನೆಯ ಹಲ್ಲುಗಳ ಬೇರಿನ ಪಕ್ಕ, ನಾಲಿಗೆಯ ನರ ಹಾದುಹೋಗುವ ಜಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು ಇಡುತ್ತಾರೆ. ಬಲಗಡೆಯದು ಯಜಮಾನ, ಎಡಗಡೆಯದು ಅದರ ಮಾತು ಕೇಳುವ ಆಳು. ಅಗಿಯುವಾಗ ಹಲ್ಲು ನಡುಗುತ್ತದೆ. ಅವಲಕ್ಕಿಗೆ ಒಂದು ನಡುಕ, ರೊಟ್ಟಿಗೆ ಒಂದು, ಹಪ್ಪಳಕ್ಕೆ ಇನ್ನೊಂದು. ಆ ನಡುಕ ಕೇಳಿ ಮಣಿ ಬಾಯೊಳಗಿರುವುದು ಏನೆಂದು ಗುರುತಿಸುತ್ತದೆ. ಸರ್ಕಾರದ ಹಿತ ಇಲಾಖೆಯ ಪಟ್ಟಿಯಲ್ಲಿ ಆ ತಿನಿಸಿನ ಮುಂದೆ ಎಷ್ಟು ಉಪ್ಪು, ಎಷ್ಟು ಸಕ್ಕರೆ, ಎಷ್ಟು ಎಣ್ಣೆ ಎಂದು ಬರೆದಿದೆಯೋ ಅಷ್ಟನ್ನು ತಿಂದವರ ಹೆಸರಿಗೆ ಸೇರಿಸುತ್ತದೆ. ಮೂರರಲ್ಲಿ ಯಾವುದೊಂದರ ದಿನದ ಮಿತಿ ಮುಗಿದರೂ ನರಕ್ಕೆ ಸಣ್ಣ ಮಿಡಿತ ಕೊಟ್ಟು ರುಚಿಯನ್ನು ಮುಚ್ಚುತ್ತದೆ. ನೋವಿಲ್ಲ. ಬಾಯಿ ಇದ್ದ ಹಾಗೇ ಇರುತ್ತದೆ. ಅದರೊಳಗಿನ ಅನ್ನ ಮಾತ್ರ ಒದ್ದೆ ಕಾಗದವಾಗುತ್ತದೆ. ಮರುದಿನ ಸೂರ್ಯ ಹುಟ್ಟಿದಾಗ ರುಚಿ ಮರಳುತ್ತದೆ, ಇಲಾಖೆಗೆ ಸಿಟ್ಟು ಬಂದಿರದಿದ್ದರೆ.

ಮೊದಲ ಊರೆಂದು ಹುಬ್ಬಳ್ಳಿಯನ್ನು ಆರಿಸಿದ್ದು ಏಕೆ ಎಂದು ಯಾರೂ ಹೇಳಲಿಲ್ಲ. ಒಂದು ಬೆಳಿಗ್ಗೆ ಚೆನ್ನಮ್ಮ ವೃತ್ತದಲ್ಲಿ ನಗುವ ನಾಲಿಗೆಯ ಚಿತ್ರ ಎದ್ದು ನಿಂತಿತು. ಕೆಳಗೆ "ನಿಮ್ಮ ಹಿತ, ನಮ್ಮ ಹೊಣೆ" ಎಂದಿತ್ತು. ಮಣಿ ಹಾಕಿಸಿಕೊಳ್ಳುವುದು ಕಡ್ಡಾಯವಲ್ಲ ಎಂದೂ ಇತ್ತು. ಮಣಿ ಇಲ್ಲದವರಿಗೆ ರೇಷನ್ ಇಲ್ಲ, ಗ್ಯಾಸ್ ಇಲ್ಲ, ಅಂಗಡಿಯ ಪರವಾನಗಿ ಇಲ್ಲ ಎಂಬುದು ಇನ್ನೂ ಚಿಕ್ಕ ಅಕ್ಷರದಲ್ಲಿತ್ತು.

ಜನ ಹೊಂದಿಕೊಂಡರು. ಜನ ಎಂಥದಕ್ಕೂ ಹೊಂದಿಕೊಳ್ಳುತ್ತಾರೆ, ಅದನ್ನು ನಂಬಿಯೇ ಇಲಾಖೆಗಳು ನಡೆಯುತ್ತವೆ. ಮದುವೆಯ ಊಟಗಳು ಬೆಳಿಗ್ಗೆ ಏಳಕ್ಕೆ ಶುರುವಾದವು. ಮಂಡಕ್ಕಿ ಗಿರಮಿಟ್ಟಿನ ಗಾಡಿಗಳು ಸಂಜೆಯ ಬದಲು ನಸುಕಿಗೆ ಬಂದು ನಿಂತವು. ಖಾರಕ್ಕೆ ಮಣಿಯ ಕಾಟವಿಲ್ಲ ಎಂಬುದನ್ನು ಜನ ತಿಂಗಳೊಳಗೆ ಕಂಡುಕೊಂಡರು. ಖಾರ ರುಚಿಯಲ್ಲ, ಉರಿ. ಉರಿಯ ಸುದ್ದಿ ಒಯ್ಯುವ ನರವೇ ಬೇರೆ. ಬಾಯಿ ಸತ್ತ ಮೇಲೆ ಉಳಿಯುವುದು ಅದೊಂದೇ. ಹೀಗಾಗಿ ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ಒಣಮೆಣಸಿನಕಾಯಿ ಕಚ್ಚುತ್ತಾ ಕಣ್ಣೀರು ಸುರಿಸುತ್ತಿತ್ತು. ಹೊರಗಿನವರಿಗೆ ಅದು ಯಾವುದೋ ದೊಡ್ಡ ಸಾವಿನ ಮನೆಯಂತೆ ಕಂಡಿರಬಹುದು.

ಅಡುಗೆಯವರ ಗತಿ ಇನ್ನೂ ಬೇರೆ. ಹದ ನೋಡಲು ಅಂಗೈಗೆ ಹಾಕಿಕೊಂಡು ನೆಕ್ಕಿದ ಪ್ರತಿ ಹನಿಯನ್ನೂ ಮಣಿ ಊಟವೆಂದೇ ಎಣಿಸುತ್ತಿತ್ತು. ಸಂಗವ್ವನ ನಾಲಿಗೆ ಬೆಳಿಗ್ಗೆ ಹತ್ತಕ್ಕೇ ಮುಚ್ಚಿಹೋಗುತ್ತಿತ್ತು. ಊಟ ಶುರುವಾಗುವುದು ಹನ್ನೆರಡಕ್ಕೆ. ಹಲ್ಲು ಕೀಳಿಸುವ ಹಿಂದಿನ ದಿನ ಅವಳು ಬದನೆಕಾಯಿಗೆ ಎರಡು ಸಲ ಉಪ್ಪು ಹಾಕಿದ್ದಳು. ಬಡಿಸಿ ಮುಗಿಯುವವರೆಗೂ ಗೊತ್ತಾಗಲಿಲ್ಲ. ಇನ್ನೂ ರುಚಿ ಉಳಿದಿದ್ದ ಇಬ್ಬರು ತಾಟಿನಲ್ಲೇ ಬಿಟ್ಟು ಎದ್ದರು. ಉಳಿದವರು ಪೂರಾ ತಿಂದರು. ಅವಳಿಗೆ ಚುಚ್ಚಿದ್ದು ಎದ್ದವರಲ್ಲ, ತಿಂದವರು.

ಅಮರಗೋಳದ ಮಾರ್ಕೆಟ್ ಯಾರ್ಡಿನ ಗೇಟಿನೆದುರು ಮೂವತ್ತೊಂದು ವರ್ಷದಿಂದ ಆ ಖಾನಾವಳಿ ನಡೆಯುತ್ತಿದೆ. ಅಲ್ಲಿ ಉಣ್ಣುವವರು ಮೂಟೆ ಹೊರುವವರು, ತೂಕ ಹಾಕುವವರು, ಲಾರಿಯವರು. ಅಲ್ಲಿಯ ಕಾನೂನು ಒಂದೇ. ಊಟ ಮಾಡುವವನು ತಾಟಿನ ಮೇಲೆ ಕೈ ಅಡ್ಡ ಹಿಡಿಯುವವರೆಗೆ ರೊಟ್ಟಿ ಬೀಳುತ್ತಲೇ ಇರುತ್ತದೆ. ಬಾಯಲ್ಲಿ ಸಾಕೆಂದರೆ ಸಂಗವ್ವನಿಗೆ ಕೇಳಿಸುವುದಿಲ್ಲ. ಕೈ ಅಡ್ಡ ಬಂದರೆ ಮಾತ್ರ ಅವಳು ಮುಂದಿನವನ ಕಡೆ ತಿರುಗುತ್ತಾಳೆ. ಫಕ್ಕೀರಪ್ಪನೆಂಬ ಹಮಾಲ ಒಂಬತ್ತನೆಯ ರೊಟ್ಟಿಗಿಂತ ಮುಂಚೆ ಎಂದೂ ಕೈ ಅಡ್ಡ ಹಿಡಿದವನಲ್ಲ.

*

ನವನಗರದ ಹಿತ ಕೇಂದ್ರದಲ್ಲಿ ಗೋಡೆಯಗಲದ ಪರದೆ. ಅದರ ಮೇಲೆ ಊರು ಹಸಿರು, ಹಳದಿ, ಬೂದು ಚುಕ್ಕೆಗಳಾಗಿ ಹರಡಿತ್ತು. ಹಸಿರೆಂದರೆ ತೆರೆದ ನಾಲಿಗೆ, ಬೂದು ಎಂದರೆ ಮುಚ್ಚಿದ್ದು. ಮೂರು ಗಂಟೆಗೆ ಊರು ಮುಕ್ಕಾಲು ಬೂದಾಗಿತ್ತು. ಇಂಜಿನಿಯರ್ ನೀಲಲೋಚನಾಳ ಮೇಜಿನ ಮೇಲಿನ ಪರದೆಯಲ್ಲಿ ಒಂದು ಚುಕ್ಕೆ ಕಪ್ಪಗಾಗಿ ಮಿನುಗಿತು.

ಸಂಗವ್ವ ಹೊಂಬಳ. ಐವತ್ತೇಳು ವರ್ಷ. ಅಡುಗೆ. ಮಣಿಗೆ ಪೆಟ್ಟು, ಬೇಕೆಂದೇ ಮಾಡಿದ್ದು.

ಲೋಚನಾ ಆ ಹೆಸರನ್ನು ನೋಡುತ್ತ ಕೂತಳು. ಹುಟ್ಟಿದ ವರ್ಷದಲ್ಲೇ ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದವಳು ಈ ದೊಡ್ಡವ್ವ. ಖಾನಾವಳಿಯ ಹಿಂದಿನ ಕೋಣೆಯಲ್ಲಿ, ಜೋಳದ ಚೀಲಗಳ ನಡುವೆ ಕೂತೇ ಅವಳು ಇಂಜಿನಿಯರಿಂಗ್ ಓದಿ ಮುಗಿಸಿದ್ದು.

"ಯಾರದು ಅದು, ಕಪ್ಪು?" ನಿರ್ದೇಶಕ ಅನಂತಶಯನ ಚಹಾದ ಲೋಟ ಹಿಡಿದು ಹಿಂದೆ ಬಂದು ನಿಂತಿದ್ದರು. ಮೈಸೂರಿನವರು. ಯಾರನ್ನೂ ಗದರಿದವರಲ್ಲ. ಬೈಗುಳ ಅವರ ಬಾಯಿಂದ ಬಂದದ್ದನ್ನು ಕೇಂದ್ರದಲ್ಲಿ ಯಾರೂ ಕೇಳಿರಲಿಲ್ಲ, ಕ್ಷಮೆಯ ಮಾತು ಬಂದದ್ದನ್ನೂ ಕೇಳಿರಲಿಲ್ಲ.

"ನಮ್ಮ ದೊಡ್ಡಮ್ಮ ಸರ್. ಹಲ್ಲು ಕೀಳೋಕೆ ಹೋಗಿದಾರೆ."

"ಅಯ್ಯೋ ಪಾಪ. ಮಕ್ಕಳ ಹಾಗೆ." ಅವರು ಚಹಾ ಗುಟುಕರಿಸಿದರು. "ಮಣಿಗೆ ಪೆಟ್ಟಾದ್ರೆ ನಿಯಮ ಗೊತ್ತಲ್ಲ. ನಾನು ತೆರೆಯೋವರೆಗೂ ಪೂರ್ತಿ ಮುಚ್ಚಿರತ್ತೆ, ಬೆಳಿಗ್ಗೆನೂ ಸೇರಿ. ಸ್ವಲ್ಪ ದಿನ ಇರಲಿ. ಅಭ್ಯಾಸ ಆಗತ್ತೆ."

"ಅವರು ಅಡುಗೆಯವರು ಸರ್. ನಾಲಿಗೆ ಇಲ್ದಿದ್ರೆ ಅಂಗಡಿ ಮುಚ್ಚಬೇಕು."

"ಊರಿನ ರಕ್ತದೊತ್ತಡ ಹನ್ನೊಂದು ಪರ್ಸೆಂಟ್ ಇಳಿದಿದೆ ಲೋಚನಾ. ಹನ್ನೊಂದು."

"ಹೊಟ್ಟೆ ಹುಣ್ಣು ಎರಡು ಪಟ್ಟು ಆಗಿದೆ. ಜನ ಖಾರ ತಿಂತಿದಾರೆ."

"ಹೊಟ್ಟೆ ಬೇರೆ ವಿಭಾಗ," ಎಂದರು ಅನಂತಶಯನ. ಹಾಸ್ಯ ಮಾಡಿದ್ದಲ್ಲ.

*

ಮರುದಿನ ಲೋಚನಾ ಖಾನಾವಳಿಗೆ ಹೋದಾಗ ಊಟದ ಹೊತ್ತಿನಲ್ಲೂ ಬಾಗಿಲು ಹಾಕಿತ್ತು. ದಸ್ತಗೀರ ಟ್ಯೂಬಿಗೆ ಗಾಳಿ ಹೊಡೆಯುತ್ತ ತಲೆ ಎತ್ತದೆ ಹೇಳಿದ. "ಆಸ್ಪತ್ರ್ಯಾಗ ಅದಾರ. ಫಕ್ಕೀರಪ್ಪ ಯಾರ್ಡಿನ್ಯಾಗ ಮೂಟಿ ಸಮೇತ ಬಿದ್ದ. ಎದ್ದು ಯಾರ್‍ಯಾರನೋ ಅವ್ವಾ ಅಂತ ಕರದನಂತ. ಹೋಗ್ರಿ, ನೋಡಿ ಬರ್‍ರಿ. ನಿಮ್ಮ ಪರದೆ ಮ್ಯಾಲ ಇಂಥಾದ್ದು ಕಾಣಂಗಿಲ್ಲ."

ವಾರ್ಡಿನಲ್ಲಿ ಫಕ್ಕೀರಪ್ಪ ಮಂಚಕ್ಕಿಂತ ಉದ್ದವಾಗಿ ಮಲಗಿದ್ದ. ತೋಳಿಗೆ ಸೂಜಿ, ಮೇಲೆ ಬಾಟಲಿ. ಪಕ್ಕದ ಸ್ಟೂಲಿನ ಮೇಲೆ ಸಂಗವ್ವ ಕೂತಿದ್ದಳು. ಬಲಗೆನ್ನೆ ಬಾತು ಕಣ್ಣು ಅರ್ಧ ಮುಚ್ಚಿತ್ತು.

"ಡಾಕ್ಟರ್ ಏನಂದ್ರು ದೊಡ್ಡವ್ವ?"

"ಮೈಯಾಗ ಉಪ್ಪು ಇಲ್ಲಂತ." ಅವಳು ಗದ್ದದಿಂದ ಬಾಟಲಿ ತೋರಿಸಿದಳು. "ಅದರಾಗ ಇರೂದು ಏನಂತ ಕೇಳಿದೆ. ಉಪ್ಪು ನೀರಂತ. ಬಾಯಾಗ ತಿಂದ್ರ ಗುನ್ನೆ, ಸೂಜ್ಯಾಗ ಕೊಟ್ರ ಔಷಧ."

"ಹಲ್ಲಿಗೆ ಕೈ ಹಚ್ಚೂ ಮುಂಚೆ ನನಗೊಂದು ಫೋನ್ ಮಾಡಬಾರದಿತ್ತ?"

"ಮಾಡಿದ್ರ ಏನ್ ಮಾಡತಿದ್ದಿ?"

"ತಡೀತಿದ್ದೆ."

"ಅದಕ್ಕ ಮಾಡಲಿಲ್ಲ."

ಲೋಚನಾ ಚೀಲದಿಂದ ಇಲಾಖೆಯ ಟ್ಯಾಬ್ಲೆಟ್ ಫಲಕ ತೆಗೆದು ಫಕ್ಕೀರಪ್ಪನ ಹೆಸರು ಹುಡುಕಿದಳು. ಏನೋ ತಪ್ಪಾಗಿದೆ ಎನ್ನಿಸಿತು. ಮತ್ತೊಮ್ಮೆ ನೋಡಿದಳು.

"ಇವರಿಗೆ ಉಪ್ಪು ಕಡಿಮಿ ಬಿದ್ದಿಲ್ಲ. ದಿನಾ ಮಧ್ಯಾಹ್ನಕ್ಕ ಐದು ಗ್ರಾಂ ಮಿತಿ ಪೂರಾ ಮುಗಿಸ್ಯಾರ. ಹದಿನೈದು ದಿನದಿಂದ."

"ಏನ್ ತಿಂದಾನಂತ ಬರದೈತಿ?"

"ರೊಟ್ಟಿ. ಮುಂಜಾನೆ ಒಂದು, ಮಧ್ಯಾಹ್ನ ಒಂಬತ್ತು. ಪಲ್ಯ ಇಲ್ಲ, ಹಿಂಡಿ ಚಟ್ನಿ ಇಲ್ಲ, ಸಾರಿಲ್ಲ. ಬರೇ ರೊಟ್ಟಿ, ನೀರು."

"ಹೌದು," ಎಂದಳು ಸಂಗವ್ವ. "ನಾನೂ ಬೈದೆ. ಪಲ್ಯ ಮುಟ್ಟಿದ್ರ ಮಣಿ ಲಗೂ ಮುಚ್ಚತೈತಿ ಯಕ್ಕಾ, ಸಂಜಿಮುಂದ ಒಂದು ಕಪ್ಪು ಚಾದ ರುಚಿ ಉಳಸ್ಕೋಬೇಕು ಅಂದ. ಬರೇ ರೊಟ್ಟಿ ತಿಂದ್ರೂ ಮುಚ್ಚತಿತ್ತು. ಯಾಕಂತ ಅವಗೂ ತಿಳೀಲಿಲ್ಲ, ನನಗೂ ತಿಳೀಲಿಲ್ಲ. ಹತ್ತು ರೊಟ್ಟ್ಯಾಗ ಐದು ಗ್ರಾಂ ಉಪ್ಪು ಎಲ್ಲಿಂದ ಬಂತ ಲೋಚೀ?"

"ಒಂದಕ್ಕ ಅರ್ಧ ಗ್ರಾಂ. ಪಟ್ಟ್ಯಾಗ ಹಂಗ ಐತಿ."

ಸಂಗವ್ವ ಮಗಳ ಮುಖ ನೋಡಿದಳು. ಪಕ್ಕದ ಮಂಚದ ಮುದುಕಿ ಮಗ್ಗುಲು ಬದಲಿಸಿ ಇತ್ತ ತಿರುಗಿದಳು.

"ಜ್ವಾಳದ ರೊಟ್ಟಿಗೆ ಉಪ್ಪು ಯಾರ ಹಾಕ್ತಾರ?" ಎಂದಳು ಸಂಗವ್ವ.

ಮುದುಕಿ ನಕ್ಕಳು. ನಗುತ್ತ ನಗುತ್ತ ಕೆಮ್ಮು ಬಂದು ಎದ್ದು ಕೂತಳು. "ಯವ್ವಾ, ಯಾವ ಊರಾಕೀ ನೀ?" ಎಂದು ಲೋಚನಾಳನ್ನು ಕೇಳಿದಳು. "ಬಿಸಿನೀರು, ಹಿಟ್ಟು, ಕೈ. ಅದಕ್ಕ ರೊಟ್ಟಿ ಅಂತಾರ."

ಲೋಚನಾ ನಗಲಿಲ್ಲ. ಪಟ್ಟಿ ಬೆಂಗಳೂರಿನಲ್ಲಿ ತಯಾರಾಗಿತ್ತು. ಅಕ್ಕಿ ರೊಟ್ಟಿ, ಚಪಾತಿ, ಜೋಳದ ರೊಟ್ಟಿ ಎಲ್ಲವನ್ನೂ ಒಂದೇ ಸಾಲಿನಲ್ಲಿ ಹಾಕಿದ್ದರು. ಜೋಳದ ರೊಟ್ಟಿಗೆ ಉಪ್ಪು ಹಾಕುವುದಿಲ್ಲ ಎಂದು ಅಲ್ಲಿ ಕೂತ ಯಾರಿಗೂ ಹೊಳೆಯಲಿಲ್ಲ. ಸ್ಥಳೀಯ ಊಟ ತಿಳಿದವರು ಒಪ್ಪಿಗೆ ಕೊಡಲಿ ಎಂದು ಪಟ್ಟಿ ನವನಗರಕ್ಕೆ ಬಂದಾಗ, ಕೊನೆಯ ಪುಟಕ್ಕೆ ಸಹಿ ಹಾಕಿದವಳು ಅವಳೇ. ಇಪ್ಪತ್ತು ವರ್ಷ ದಿನಾ ಎರಡು ಹೊತ್ತು ಅದೇ ರೊಟ್ಟಿ ಉಂಡವಳು. ಒಂದು ದಿನವೂ ಹಿಟ್ಟು ನಾದಿದವಳಲ್ಲ.

"ನೀ ನನ್ನ ಒಲಿ ಹಂತ್ಯಾಕ ಬಿಡಲಿಲ್ಲ," ಎಂದಳು. ದನಿ ತಾನೆಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಕೈಗೆ ಹಿಟ್ಟು ಹತ್ತಿದ್ರ ಪುಸ್ತಕಕ್ಕೂ ಹತ್ತತೈತಿ ಅಂತಿದ್ದಿ. ನನ್ನ ಒಳ್ಳೇದಕ್ಕಂತ. ನಾ ಕೇಳಿದ್ನೇನು? ತಾಟಿಗೆ ಸಾಕಂದ್ರೂ ಹಾಕತಿದ್ದಿ. ಅದೂ ನನ್ನ ಒಳ್ಳೇದಕ್ಕ. ನೀ ಮಾಡಿದ್ದೂ ಇಲಾಖೆ ಮಾಡಿದ್ದೂ ಒಂದ ಅಲ್ಲೇನ್ ದೊಡ್ಡವ್ವ?"

ಸಂಗವ್ವ ಫಕ್ಕೀರಪ್ಪನ ಹೊದಿಕೆಯನ್ನು ಎದೆಯವರೆಗೆ ಎಳೆದಳು.

"ಒಲಿ ವಿಷಯಕ್ಕ ನಂದ ತಪ್ಪು," ಎಂದಳು. "ಕಲಿಸಬೇಕಿತ್ತು. ತಾಟಿನ ಮಾತು ಹಂಗಲ್ಲ. ಕೈ ಅಡ್ಡ ಹಿಡದ್ರ ನಿಲ್ಲಸ್ತಿದ್ನಿಲ್ಲ? ನಿನ್ನ ಯಂತ್ರಕ್ಕ ಕೈ ಎಲ್ಲಿ ಅಡ್ಡ ಹಿಡೀಲಿ, ಹೇಳು."

ಫಕ್ಕೀರಪ್ಪ ಕಣ್ಣು ಬಿಡದೆ ತುಟಿ ಅಲುಗಿಸಿದ. "ಯಕ್ಕಾ, ಎಷ್ಟು ಆದ್ವು?"

"ಇನ್ನೂ ರೊಟ್ಟಿ ಬಡದಿಲ್ಲೋ," ಎಂದಳು ಸಂಗವ್ವ. "ಮಲ್ಕೋ."

*

ಲೋಚನಾ ಕೇಂದ್ರಕ್ಕೆ ಬಂದು ರೊಟ್ಟಿಯ ಉಪ್ಪಿನ ತಪ್ಪು ಹೇಳಿದಾಗ ಅನಂತಶಯನರು ಕೋಪ ಮಾಡಿಕೊಳ್ಳಲಿಲ್ಲ. ಬದಲಿಗೆ ಅವರ ಮುಖ ಅರಳಿತು.

"ಒಳ್ಳೆ ಸುದ್ದಿ ತಂದ್ರಿ," ಎಂದರು. "ತಪ್ಪು ಪಟ್ಟಿಯದು. ಯೋಜನೆಯದಲ್ಲ."

"ಆ ಮನುಷ್ಯ ಸಾಯ್ತಿದ್ದ ಸರ್."

"ಸತ್ತಿಲ್ವಲ್ಲ. ಇನ್ಮೇಲೆ ಯಾರೂ ಹಾಗೆ ಬೀಳದ ಹಾಗೆ ನೋಡ್ಕೊಳ್ಳೋಣ. ಅದಕ್ಕೇ ಅಲ್ವೆ ನಾವಿರೋದು?" ಅವರು ಬಿಳಿ ಹಲಗೆಯ ಮೇಲೆ "ಉತ್ತರದ ಪಟ್ಟಿ" ಎಂದು ಬರೆದು ಕೆಳಗೆ ಗೆರೆ ಎಳೆದರು. "ಈ ಭಾಗದ ಒಂದೊಂದು ತಿನಿಸನ್ನೂ ತೂಗಿ ಬರೆಯೋಣ. ಹಮಾಲರಿಗೆ ಬೇರೆ ಮಿತಿ, ಬೇಸಿಗೆಗೆ ಬೇರೆ ಮಿತಿ. ನಿಮ್ಮ ದೊಡ್ಡಮ್ಮನಂಥವರು ನಮಗೆ ಬೇಕು. ಹೊರಗೆ ಕೂತು ಹಲ್ಲು ಕೀಳೋದು ಬಿಟ್ಟು ಒಳಗೆ ಬರಲಿ."

"ಸರ್, ಒಂದು ಮಾತು. ಮಣಿಗೆ ಒಂದು ಸ್ವಿಚ್ ಕೊಟ್ರೆ? ಬೇಕಾದವರು ಇಟ್ಕೊಳ್ಳಲಿ, ಬೇಡದವರು ಆರಿಸಲಿ."

"ಸ್ವಿಚ್ ಕೊಟ್ರೆ ಎಲ್ರೂ ಆರಿಸ್ತಾರಮ್ಮ."

"ಹೌದು ಸರ್," ಎಂದಳು ಲೋಚನಾ.

ಅದೊಂದು ಉತ್ತರವೆಂದು ಅವರಿಗೆ ಅನ್ನಿಸಲಿಲ್ಲ. ಅವಳ ಮುಂದಿನ ಮಾತಿಗೆ ಕಾದರು. ಆಮೇಲೆ ಹಲಗೆಯ ಕಡೆ ತಿರುಗಿದರು.

*

ಶುಕ್ರವಾರ ಮಧ್ಯಾಹ್ನ ಇಲಾಖೆಯ ಬಿಳಿ ಕಾರು ಖಾನಾವಳಿಯ ಮುಂದೆ ನಿಂತಿತು. ಒಳಗೆ ನಾಲ್ಕು ಜನ ಉಣ್ಣುತ್ತಿದ್ದರು. ಮೂರು ತಿಂಗಳ ಹಿಂದೆ ಆ ಹೊತ್ತಿಗೆ ನಲವತ್ತು ಜನ ಇರುತ್ತಿದ್ದರು. ಅನಂತಶಯನರು ಚಪ್ಪಲಿ ಬಿಟ್ಟು ಗೋಡೆಪಕ್ಕ, ಫಕ್ಕೀರಪ್ಪನ ಜಾಗದಲ್ಲಿ ಕೂತರು. ಲೋಚನಾ ಫಲಕವನ್ನು ಎದೆಗವಚಿಕೊಂಡು ಬಾಗಿಲ ಬಳಿಯೇ ನಿಂತಳು. ದಸ್ತಗೀರ ಕೈಯ ಗ್ರೀಸು ಒರೆಸಿಕೊಳ್ಳುತ್ತ ಬಂದು ಇನ್ನೊಂದು ಬಾಗಿಲಕಂಬಕ್ಕೆ ಒರಗಿದ.

"ಮೊದಲು ಊಟ," ಎಂದರು ನಿರ್ದೇಶಕರು. "ಆಮೇಲೆ ಮಾತು."

ಸಂಗವ್ವ ಬಡಿಸಿದಳು. ರೊಟ್ಟಿ, ಎಣ್ಣೆ ಬದನೆಕಾಯಿ, ಶೇಂಗಾ ಹಿಂಡಿ, ಮಜ್ಜಿಗೆ. ಮೂರು ದಿನದಿಂದ ಅವಳ ನಾಲಿಗೆ ಹಗಲೂ ರಾತ್ರಿ ಮುಚ್ಚಿತ್ತು. ಅಂಗೈಯ ಗುಳಿಯಲ್ಲಿ ಹಿಡಿಯುವಷ್ಟು ಉಪ್ಪು, ಮೂಗಿಗೆ ಬರುವಷ್ಟು ಒಗ್ಗರಣೆ, ಇಷ್ಟನ್ನೇ ನಂಬಿ ಒಲೆ ಹಚ್ಚುತ್ತಿದ್ದಳು. ನಾಲ್ಕನೆಯ ರೊಟ್ಟಿ ಹಾಕಲು ಬಗ್ಗಿದಾಗ ನಿರ್ದೇಶಕರು ಸಾಕೆಂದರು. ಅವಳು ಹಾಕಿದಳು. ಅವರು ನಕ್ಕು ಅದನ್ನೂ ಮುರಿದರು.

"ಬದನೆಕಾಯ್ಗೆ ಸ್ವಲ್ಪ ಉಪ್ಪು ಕಮ್ಮಿ ಆದ ಹಾಗಿದೆ. ಒಂಚೂರು ಕೊಡಿಮ್ಮ."

ಉಣ್ಣುತ್ತಿದ್ದ ನಾಲ್ವರೂ ತಲೆ ಎತ್ತಿದರು.

"ಸಾಹೇಬ್ರ ಮಣಿ ಎಷ್ಟೊತ್ತಿಗೆ ಮುಚ್ಚತೈತ್ರಿ?" ಎಂದು ದಸ್ತಗೀರ ಕೇಳಿದ.

"ನಮಗೆ ಹಾಕಿಲ್ಲ. ಪರೀಕ್ಷೆ ಮಾಡೋಕೆ ರುಚಿ ಗೊತ್ತಿರೋರು ಯಾರಾದ್ರೂ ಇರಬೇಕಲ್ಲಪ್ಪ."

"ಇರಬೇಕ ಬೇಕ್ರಿ," ಎಂದ ದಸ್ತಗೀರ. "ಇಲ್ಲಂದ್ರ ಉಪ್ಪು ಕಮ್ಮಿ ಅಂತ ಹೇಳಾವ್ರ್ಯಾರು?"

ಸಂಗವ್ವ ಉಪ್ಪಿನ ಬಟ್ಟಲು ತಂದು ನಿರ್ದೇಶಕರ ತಾಟಿನ ಪಕ್ಕ ಇಟ್ಟಳು. ಅವರು ಚಿಟಿಕೆ ಉದುರಿಸಿಕೊಂಡು, ಉಂಡು ಮುಗಿಸಿ, ಕೈ ತೊಳೆದು ಬಂದು ಅಲ್ಲೇ ಕೂತರು. "ನೀವೂ ಒಂದು ತಾಟು ಹಾಕ್ಕೊಂಡು ಕೂತ್ಕೊಳ್ಳಿ ಸಂಗವ್ವನವರೇ. ನಿಮಗೊಂದು ತೋರಿಸ್ಬೇಕು."

ಅವಳು ಅವರೆದುರು ಕೂತಳು. ತಾಟಿಗೆ ಒಂದು ರೊಟ್ಟಿ, ಒಂದು ಬದನೆಕಾಯಿ ಹಾಕಿಕೊಂಡಳು. ರೊಟ್ಟಿ ಮುರಿದು, ಪಲ್ಯ ಹಚ್ಚಿ, ಎಡದವಡೆಗೆ ಇಟ್ಟುಕೊಂಡಳು. ಬಾಯಲ್ಲಿ ಏನೋ ಇದೆ ಎಂಬುದಷ್ಟೇ ಗೊತ್ತಾಯಿತು.

"ಇವರ ರುಚಿ ತೆರೀರಿ ಲೋಚನಾ," ಎಂದರು ನಿರ್ದೇಶಕರು.

ಲೋಚನಾ ಫಲಕದ ಗಾಜಿನ ಮೇಲೆ ಬೆರಳೊತ್ತಿದಳು.

ಮೊದಲು ಬಂದದ್ದು ಹಲ್ಲಿನ ಗಾಯಕ್ಕೆ ಇಟ್ಟಿದ್ದ ಲವಂಗ. ಅದರ ಕಟು ಇಡೀ ಬಾಯನ್ನು ತುಂಬಿತು. ಅದರ ಹಿಂದೆ ಹುಣಸೆಹುಳಿ ನುಗ್ಗಿ ಬಂತು, ಕೆನ್ನೆಯ ಒಳಗೋಡೆ ಹಿಂಡಿಕೊಂಡಿತು. ಆಮೇಲೆ ಹುರಿದ ಶೇಂಗಾ, ಬೆಲ್ಲದ ಒಂದು ಎಳೆ, ಬೂದಿಯಲ್ಲಿ ಸುಟ್ಟಂಥ ಜೋಳ. ಸಂಗವ್ವ ಅಗಿಯುವುದನ್ನು ನಿಲ್ಲಿಸಿದಳು. ಕಣ್ಣಿಂದ ನೀರಿಳಿಯಿತು, ಖಾರಕ್ಕಲ್ಲ. ನಿರ್ದೇಶಕರು ಹೇಳಿದ್ದು ನಿಜ. ಉಪ್ಪು ಕಡಿಮೆಯಾಗಿತ್ತು. ಹುಳಿ ಹೆಚ್ಚಾಗಿತ್ತು. ಮೂವತ್ತೊಂದು ವರ್ಷದಲ್ಲಿ, ಮಣಿ ಬರುವವರೆಗೆ, ಇಂಥ ಬದನೆಕಾಯಿಯನ್ನು ಅವಳು ಯಾರಿಗೂ ಬಡಿಸಿರಲಿಲ್ಲ. ಈಗ ಎರಡು ದಿನದಿಂದ ಬಡಿಸುತ್ತಿದ್ದಾಳೆ. ದಿನಾ ಉಣ್ಣುವವರು ಯಾರೂ ಒಂದು ಮಾತು ಆಡಿಲ್ಲ.

ನಿರ್ದೇಶಕರು ಒಂದು ಹಾಳೆಯನ್ನು ಅವಳ ತಾಟಿನ ಅಂಚಿಗೆ ಆನಿಸಿ ಇಟ್ಟರು, ಮೇಲೆ ಒಂದು ಪೆನ್ನು.

"ರುಚಿ ಸಲಹೆಗಾರರು. ವಾರಕ್ಕೆ ಎರಡು ದಿನ ಕೇಂದ್ರಕ್ಕೆ ಬನ್ನಿ. ಯಾವುದಕ್ಕೆ ಎಷ್ಟು ಉಪ್ಪು, ಎಷ್ಟು ಎಣ್ಣೆ ಅಂತ ಹೇಳಿ, ನಾವು ತೂಗಿ ಬರ್ಕೋತೀವಿ. ನಿಮ್ಮ ನಾಲಿಗೆ ಇನ್ನು ಮುಚ್ಚೋದಿಲ್ಲ, ಬದುಕಿರೋವರೆಗೂ. ಹಲ್ಲಿನ ಕೇಸೂ ಇರಲ್ಲ. ನೀವು ಹೇಳಿದ್ದೇ ಸರಿ ಅಂತ ಸರ್ಕಾರ ಒಪ್ಕೊಂಡಿದೆ, ನೋಡಿ. ಇಂಥದ್ದು ದಿನಾ ಆಗಲ್ಲ."

"ಪಟ್ಟಿ ಸರಿ ಆದ ಮ್ಯಾಲ ಫಕ್ಕೀರಪ್ಪನ ಬಾಯಿ ಮುಚ್ಚಂಗಿಲ್ಲೇನ್ರಿ?"

"ಮುಚ್ಚತ್ತೆ. ಸರಿಯಾದ ಹೊತ್ತಿಗೆ ಮುಚ್ಚತ್ತೆ."

"ಯಾರ ಪಟ್ಟಿ ನೋಡಿ?"

"ನಿಮ್ಮದೇ. ಅದೇ ಚಂದ ಅಲ್ವೆ?"

ಸಂಗವ್ವ ಬಾಯೊಳಗಿನದನ್ನು ನುಂಗಿದಳು. "ಈಗ ತಪ್ಪು ಪಟ್ಟಿ ಐತ್ರಿ," ಎಂದಳು ನಿಧಾನವಾಗಿ, ಬಾತ ದವಡೆ ನೋಯದಂತೆ. "ಮಧ್ಯಾಹ್ನಕ್ಕ ಬಾಯಿ ಸತ್ತ ಕೂಡ್ಲೆ ಈ ಮಂದಿ ನಿಮ್ಮನ್ನ ಬೈತಾರ. ಬೈಕೊಂತ ಉಣತಾರ. ನಾ ಬಂದು ಸರಿ ಮಾಡಿ ಕೊಟ್ರ ಬೈಯಾಕೂ ಏನೂ ಉಳಿಯಂಗಿಲ್ಲ. ಸಂಗವ್ವನ ಅಳತಿ, ಸರಿನ ಇರತೈತಿ ಅಂತಾರ. ಮುಚ್ಕೊಂಡು ಕೂಡತಾರ."

"ಅವರ ಆರೋಗ್ಯಕ್ಕೇ ಅಲ್ವೇನಮ್ಮ?"

"ಇರಬಹುದ್ರಿ. ಅವರನ್ನ ಕೇಳಿ ನೋಡ್ರಿ. ಇಲ್ಲೇ ಕುಂತಾರ."

ಅನಂತಶಯನರು ಆ ನಾಲ್ವರ ಕಡೆ ನೋಡಲಿಲ್ಲ. ಕೈಗಡಿಯಾರ ನೋಡಿದರು. "ಒಂದು ವಿಷಯ ಹೇಳ್ಬೇಕು. ಇದು ಮಾದರಿಗೆ ಅಂತ ತೆಗೆದದ್ದು. ಸಹಿ ಆಗದಿದ್ರೆ ಈಗ್ಲೇ ಮುಚ್ಚಬೇಕಾಗತ್ತೆ. ಮತ್ತೆ ಯಾವಾಗ ತೆಗೀತೀವಿ ಅಂತ ಹೇಳೋಕಾಗಲ್ಲ. ನನ್ನ ಕೈಲಿಲ್ಲ, ನಿಯಮ ಹಾಗಿದೆ."

ಬಾಗಿಲ ಬಳಿ ಲೋಚನಾಳ ಬೆರಳು ಗಾಜಿನ ಮೇಲೆ ಒಂದು ಕೂದಲೆಳೆಯಷ್ಟು ಅಂತರದಲ್ಲಿ ನಿಂತಿತ್ತು. "ದೊಡ್ಡವ್ವ," ಎಂದಳು.

ಸಂಗವ್ವ ನಿರ್ದೇಶಕರ ಮುಂದಿದ್ದ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು. ಬದನೆಕಾಯಿಗೆ ಚಿಟಿಕೆ ಉಪ್ಪು ಹಾಕಿ ಕಲಸಿದಳು. ಬೆರಳ ತುದಿಯಿಂದ ನೆಕ್ಕಿ ನೋಡಿ, ಇನ್ನರ್ಧ ಚಿಟಿಕೆ ಹಾಕಿದಳು. ಈಗ ಸರಿಯಾಯಿತು. ರೊಟ್ಟಿಯ ಚೂರಿಗೆ ಅದನ್ನು ಹಚ್ಚಿ ಬಾಯಿಗಿಟ್ಟು, ಯಾವ ಅವಸರವೂ ಇಲ್ಲದೆ ಅಗಿದಳು. ಉಣ್ಣುತ್ತಿದ್ದ ನಾಲ್ವರೂ ಕೈ ನಿಲ್ಲಿಸಿ ಅವಳ ದವಡೆಯನ್ನೇ ನೋಡುತ್ತಿದ್ದರು.

ನಿರ್ದೇಶಕರು ಪೆನ್ನಿನ ಮುಚ್ಚಳ ತೆಗೆದು, ಹಾಳೆಯನ್ನು ಇನ್ನಷ್ಟು ಮುಂದಕ್ಕೆ, ತಾಟಿನ ಮೇಲಕ್ಕೇ ಸರಿಸಿದರು.

ಸಂಗವ್ವ ಎಂಜಲು ಬಲಗೈಯನ್ನು ಅಗಲಕ್ಕೆ ಬಿಡಿಸಿ ತಾಟಿನ ಮೇಲೆ ಅಡ್ಡ ಹಿಡಿದಳು.

"ಬ್ಯಾಡ," ಎಂದಳು.